ಜೀಪಿನ ಸಿಂಗಾರ

ಅಂಗಳದಲ್ಲಿ ನಿಂತ ಜೀಪನ್ನು ನೋಡಿ ಪಶುವೈದ್ಯೆ ಒಂದು ಗಳಿಗೆ ಬೇರೆ ಯಾರದೋ ಗಾಡಿ ಅಂದುಕೊಂಡಳು. ಅವಳ ಜೀಪಿಗೆ ಇದ್ದದ್ದು ಸಪಾಟು ಬಾನೆಟ್, ಎರಡು ದುಂಡು ದೀಪ, ಡಬ್ಬಿಯಂಥ ಮೈ. ವಯಸ್ಸಾದರೂ ಹಳತು ಅನ್ನಿಸದ ಗಾಡಿ. ಈಗ ದೀಪಗಳ ಮೇಲೆ ಕರಿ ಹುಬ್ಬು ಕೂತು, ಅದು ಕಂಡವರನ್ನೆಲ್ಲ ದುರುಗುಟ್ಟಿ ನೋಡುತ್ತಿತ್ತು. ಬಾಗಿಲ ಮೇಲೆ ಬೆಂಕಿಯ ಸ್ಟಿಕರ್. ಬಾನೆಟ್ ನಡುವೆ ಬಾಯಿ ತೆರೆದ ದೊಡ್ಡದೊಂದು ಉಬ್ಬು.

ಗಂಡನದು ಗಾಡಿ ಸಿಂಗರಿಸುವ ಅಂಗಡಿ. ಅವಳು ತರಬೇತಿಗೆಂದು ಹೋಗಿದ್ದ ವಾರದಲ್ಲಿ ಹುಟ್ಟುಹಬ್ಬದ ಉಡುಗೊರೆಯಾಗಿ ಗುಟ್ಟಾಗಿ ಇದೆಲ್ಲ ಮಾಡಿದ್ದ. ಆ ಉಬ್ಬಿನ ಬಾಯಿಯಿಂದ ಎಂಜಿನ್ನಿಗೆ ಗಾಳಿ ಹೋಗುತ್ತದೆಯೇ ಎಂದು ಕೇಳಿದಳು. ಇಲ್ಲ, ಬರೀ ನೋಟಕ್ಕೆ ಅಂದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವ ಗಾದೆ ಅವಳ ನಾಲಿಗೆ ತುದಿಗೆ ಬಂದಿತ್ತು. ಅವನ ಮುಖದಲ್ಲಿದ್ದ ಆಸೆ ಕಂಡು ನುಂಗಿಕೊಂಡು, ಚೆನ್ನಾಗಿದೆ ಅಂದಳು.

ಅಷ್ಟರಲ್ಲಿ ಫೋನ್ ಬಂತು. ಗುಡ್ಡದಾಚೆಯ ಅಜ್ಜಿಯ ಆಡು ತಂತಿಬೇಲಿಗೆ ಸಿಕ್ಕಿ ಹೊಟ್ಟೆಯ ಚರ್ಮ ಹರಿದುಕೊಂಡಿತ್ತು. ದಾರಿಯಲ್ಲಿ ಜನ ಗಾಡಿ ಹೊಗಳುವುದನ್ನು ಕೇಳುವ ಆಸೆಗೆ ಗಂಡನೂ ಹತ್ತಿ ಕೂತ. ಹೊಗಳುವುದಿರಲಿ, ದಾರಿಯಲ್ಲಿ ಒಂದು ನರಪಿಳ್ಳೆಯೂ ಸಿಗಲಿಲ್ಲ.

ಅಜ್ಜಿ ಆಡನ್ನು ಎತ್ತಿಕೊಂಡು ಸೀದಾ ಬಾನೆಟ್ ಬಳಿ ಬಂದು ನಿಂತುಬಿಟ್ಟಳು. ವೈದ್ಯೆಯೂ ರೂಢಿಯಂತೆ ಬಟ್ಟೆ ಹಾಸಲು ಹೋಗಿ, ನಡುವಿನ ಉಬ್ಬು ಕಂಡು ಕೈ ಹಿಂತೆಗೆದಳು. ಕೆಳಗೆ ಎಲ್ಲಿ ನೋಡಿದರೂ ಕೆಸರು. ರಕ್ತ ಸೋರುತ್ತಲೇ ಇತ್ತು.

"ಎಲ್ಲಿ ಮಲಗಿಸ್ಲಿ ಡಾಕ್ಟ್ರಮ್ಮ? ಯಾವಾಗ್ಲೂ ಇದರ ಮೇಲೇ ಅಲ್ವಾ ನೀವು ಹೊಲಿಯೋದು?" ಅಂದಳು ಅಜ್ಜಿ.

ಇಷ್ಟು ವರ್ಷ ಹೆಂಡತಿ ಜೀವ ಉಳಿಸುತ್ತಿದ್ದ ಜಾಗ ಇದೆಂದು ಗಂಡನಿಗೆ ಗೊತ್ತೇ ಇರಲಿಲ್ಲ. ಅವನಿಗೆ ನಾಚಿಕೆಯಾಯಿತು.

"ಮನೇಲೇ ಹೇಳ್ಬಾರದಿತ್ತಾ?"

"ಅಷ್ಟು ಆಸೆಪಟ್ಟು ಮಾಡಿದ್ರಲ್ಲ ರೀ. ಹೇಗೆ ಹೇಳ್ಲಿ?"

ಅವನು ಸೀಟಿನ ಕೆಳಗಿದ್ದ ಜಾಕ್ ರಾಡ್ ಎಳೆದು, ತಾನೇ ಅಂಟಿಸಿದ ಉಬ್ಬನ್ನು ಮೀಟತೊಡಗಿದ. ಕೆಲಸದಲ್ಲಿ ಕಳ್ಳಾಟ ಆಡುವವನಲ್ಲ, ಅಂಟು ಗಟ್ಟಿಯಾಗಿಯೇ ಹಿಡಿದಿತ್ತು. ಕೊನೆಗೆ ಬಣ್ಣವನ್ನೂ ಕಿತ್ತುಕೊಂಡೇ ಎದ್ದು ಬಂತು. ಬಟ್ಟೆ ಹಾಸಿದರು, ಆಡನ್ನು ಮಲಗಿಸಿದರು. ಅವನು ಆಡಿನ ತಲೆ ಹಿಡಿದುಕೊಂಡ, ಅವಳು ಹೊಲಿದಳು. ಹೊಲಿಗೆ ಮುಗಿಯುವ ಹೊತ್ತಿಗೆ ಆಡು ಅವನ ಹೊಸ ಅಂಗಿಯ ಗುಂಡಿಗೆ ಬಾಯಿ ಹಾಕುವಷ್ಟು ಚೇತರಿಸಿಕೊಂಡಿತ್ತು.

ಅಜ್ಜಿ ಬಾನೆಟ್ಟಿನ ಮೇಲೆ ಬಣ್ಣ ಕಿತ್ತುಹೋದ ಜಾಗವನ್ನು ಸವರಿ, "ಪಾಪ, ಇದಕ್ಕೂ ಎರಡು ಹೊಲಿಗೆ ಹಾಕ್ಬಿಡಮ್ಮ" ಅಂದಳು.

"ಏನೂ ಬೇಡಜ್ಜಿ," ವೈದ್ಯೆ ಕೈ ತೊಳೆಯುತ್ತ ಅಂದಳು, "ಗಡ್ಡೆ ತೆಗೆದಾಯ್ತಲ್ಲ, ಇನ್ನು ತಾನೇ ವಾಸಿಯಾಗುತ್ತೆ."