ಕಾಕಾ ಮಲಗ್ಯಾರ

ನಿದ್ದೆಯೇ ಬೇಡವಾಗುವ ಚುಚ್ಚುಮದ್ದು ಬಂದ ಮೇಲೆ, ಗದಗಿನ ಆ ಓಣಿಯಲ್ಲಿ ಇನ್ನೂ ಮಲಗುತ್ತಿದ್ದವನು ಅಡಿವೆಪ್ಪ ಒಬ್ಬನೇ. ಅವನ ಮೈಗೆ ಅದು ಒಗ್ಗಲಿಲ್ಲ. ಹೆಂಡತಿ ಇದ್ದಾಗ ಅವನು ಅಡ್ಡಾದ ಕೂಡಲೇ ರೇಡಿಯೊ ತಗ್ಗಿಸುತ್ತಿದ್ದಳು. ಈಗ ಅವಳಿಲ್ಲ. ಓಣಿಯವರು ಕಟ್ಟೆಯ ಮೇಲೆ ಆಡುತ್ತಿದ್ದುದೆಲ್ಲ ಅವನು ಮಲಗಿದ್ದಾಗ ನಡೆದ ಸಂಗತಿಗಳೇ. ಮಾತಿನ ತುದಿ ಸಿಗದೆ ಅವನು ಅಲ್ಲಿಗೆ ಹೋಗುವುದನ್ನೇ ಬಿಟ್ಟಿದ್ದ.

ಹಿರಿಯರ ಹಬ್ಬದ ಹಿಂದಿನ ದಿನ ಎದುರುಮನೆಯ ಕಸ್ತೂರೆವ್ವ ತೀರಿಹೋದ ಅತ್ತೆಯ ಫೋಟೊ ಹಿಡಿದು ಬಂದಳು.

“ಕಾಕಾ, ನಾಳೆ ಎಡಿ ಇಡಬೇಕು. ನಮ್ಮತ್ತಿಗೆ ಏನ್ ಬೇಕಾಗೇತೋ ಏನೋ. ಕನಸಿನಾಗ ಬಂದು ಕೇಳಬೇಕಂದ್ರ ನಮ್ಮನ್ಯಾಗ ಯಾರೂ ಮಲಗೂದಿಲ್ಲ. ನೀವು ಒಂಚೂರು ಅಡ್ಡಾಗ್ರಿ.”

“ನನ್ನ ಕನಸಿನಾಗ ನಿಮ್ಮತ್ತಿ ಯಾಕ ಬರ್ತಾರವ್ವ?”

“ಬ್ಯಾರೆ ಎಲ್ಲಿಗೆ ಹೋಗಬೇಕ್ರಿ ಅವರು?”

ಅಡಿವೆಪ್ಪ ಮಧ್ಯಾಹ್ನ ಉಂಡು ಮಲಗಿದ. ಮುದುಕಿ ಬಂದಳು. ಅವಳ ಬೆನ್ನಿಗೆ ಓಣಿಯ ಸತ್ತವರೆಲ್ಲ ರೇಷನ್ ಅಂಗಡಿಯ ಮುಂದಿನಂತೆ ಪಾಳಿ ಹಚ್ಚಿ ನಿಂತಿದ್ದರು. ಎದ್ದವನೇ ಹೊರಗೆ ಬಂದ.

“ಹೋಳಿಗಿ ಬ್ಯಾಡಂತ. ಜುಣಕದ ವಡಿ ಬೇಕಂತ. ಖಾರ ಹಾಕಾಕ ಸೊಸಿಗೆ ಕೈ ಬರೂದಿಲ್ಲ, ಹೇಳ್ರಿ ಅಂದ್ರು.”

“ಹಂಗಾದ್ರ ಅದು ನಮ್ಮತ್ತೀನ ಬಿಡ್ರಿ,” ಎಂದಳು ಕಸ್ತೂರೆವ್ವ.

“ಉಳಿದವರೂ ಬಂದು ನಿಂತಾರ. ಎಲ್ಲಾರನೂ ಕೇಳಬೇಕು. ಮತ್ತ ಮಲಗತೇನಿ.”

ಹಗಲಿರುಳೂ ಗದ್ದಲವಿರುತ್ತಿದ್ದ ಓಣಿ ಅದು. ಅವನು ಚಾದರ ಎಳೆದುಕೊಳ್ಳುವಷ್ಟರಲ್ಲಿ ಹಿಟ್ಟಿನ ಗಿರಣಿ ನಿಂತಿತು. ಕಿಟಕಿಯ ಹೊರಗೆ ಯಾರೋ ದನಿ ತಗ್ಗಿಸಿ ಹೇಳುವುದು ಕೇಳಿಸಿತು:

“ಸಾವಕಾಶ ನಡೀರಿ. ಕಾಕಾ ಮಲಗ್ಯಾರ.”