ಮಸ್ಕತ್ತಿನ ಗಡಿಯಾರ

ಸ್ಟೂಲು ಹತ್ತಿದ ದೇವಪ್ಪ ಅಡುಗೆಮನೆಯ ಗಡಿಯಾರವನ್ನು ಗೋಡೆಯಿಂದ ಇಳಿಸಿದಾಗ, ಕೆಳಗೆ ಸ್ಟೂಲು ಹಿಡಿದುಕೊಂಡಿದ್ದ ಗಣಪಿಯ ಕೈ ಬಿಗಿಯಾಯಿತು. ಗಂಡ ಮಸ್ಕತ್ತಿನಿಂದ ಹಿರೇಗುತ್ತಿಗೆ ಬಂದು ಇನ್ನೂ ಚೀಲ ಕೂಡ ಬಿಚ್ಚಿರಲಿಲ್ಲ.

"ಇದೆಂತದೆ, ಒಂದೂವರೆ ತಾಸು ಹಿಂದೆ ಬಿದ್ದದೆ? ಒಂದು ಸೆಲ್ಲು ಹಾಕೂಕೂ ಪುರಸೊತ್ತಿಲ್ವ ನಿಂಗೆ?"

"ಹಿಂದೆ ಬಿದ್ದದ್ದಲ್ಲ, ನಾನೇ ಇಟ್ಟದ್ದು. ಅದು ಮಸ್ಕತ್ತಿನ ಟೈಮು. ನೀವು ಉಂಡ್ರಾ, ಮಲಗಿದ್ರಾ ಅಂತ ನಂಗೆ ಗೊತ್ತಾಗೂದು ಬೇಡ್ವಾ?"

ದೇವಪ್ಪ ದಣಿದ ನಗು ನಕ್ಕ. "ವಿಮಾನದಲ್ಲಿ ಕೂತ್ರೆ ಮೂರು ತಾಸು. ಗೋವೆಯಿಂದ ಇಲ್ಲಿಗೆ ಬರೂಕೇ ಅದಕ್ಕಿಂತ ಹೆಚ್ಚು ಹಿಡೀತು. ಅಷ್ಟು ಹತ್ರದ ಊರಿಗೆ ಬೇರೆ ಗಡಿಯಾರ ಎಂತಕ್ಕೆ ಮಾರಾಯ್ತಿ?" ಎನ್ನುತ್ತ ಮುಳ್ಳು ಸರಿಸಲು ಹಿಂದಿನ ತಿರುಪಿಗೆ ಬೆರಳಿಟ್ಟ.

"ತಿರುಗಿಸಿ, ಅಡ್ಡಿಲ್ಲ," ಎಂದಳು ಗಣಪಿ, ತಲೆ ಎತ್ತದೆ. "ಇನ್ನು ವಾಪಸ್ ಹೋಗೂದಿಲ್ಲ ಅಂದ್ರೆ ಮಾತ್ರ ತಿರುಗಿಸಿ."

ದೇವಪ್ಪ ತಿರುಪಿನಿಂದ ಬೆರಳು ತೆಗೆದ. ಅಂಗಿಯ ತುದಿಯಿಂದ ಗಾಜಿನ ಮೇಲಿನ ಮಸಿ ಒರೆಸಿ, ಮುಳ್ಳು ಸರಿಸದೆ, ಗಡಿಯಾರವನ್ನು ಮತ್ತೆ ಅದೇ ಮೊಳೆಗೆ ತೂಗುಹಾಕಿದ.