ನಡುಮನೆಯ ತೂತು

ಗಂಧದಕಡ್ಡಿಯ ಹೊಗೆ ಎಡಕ್ಕೆ ವಾಲಿತು. ಭಾನುಪ್ರಕಾಶ್ ಉಸಿರು ಬಿಗಿಹಿಡಿದ. ಕಳ್ಳ ಸಿಕ್ಕಿಬಿದ್ದಿದ್ದ.

ನಡುಮನೆಯ ಮೂಲೆಯಲ್ಲಿ, ಹಿಂದೆ ಕೇಬಲ್ ಎಳೆದಿದ್ದ ಜಾಗದಲ್ಲಿ, ಮುಷ್ಟಿಯಷ್ಟು ತೂತು. ಗಾಳಿ ನುಸುಳುವ ಜಾಗವನ್ನು ಹೀಗೆ ಹೊಗೆ ಹಿಡಿದೇ ಪತ್ತೆಹಚ್ಚಿ, ಅನುಗೊಂಡನಹಳ್ಳಿಯ ಆ ಮನೆಯ ಉಳಿದೆಲ್ಲ ಸಂದುಗಳನ್ನೂ ಅವನು ಮುಚ್ಚಿಯಾಗಿತ್ತು. ಕಿಟಕಿಗಳಿಗೆ ರಬ್ಬರ್ ಪಟ್ಟಿ, ಬಾಗಿಲಡಿಗೆ ಫೋಮು, ಗವಾಕ್ಷಿಗಳಿಗೆ ಥರ್ಮೋಕೋಲು. ಎಸಿಯ ತಂಪು ಹೊರಗೆ ಹೋಗಬಾರದು, ಕರೆಂಟ್ ಬಿಲ್ಲು ಇಳಿಯಬೇಕು. ಹೊಸಕೋಟೆಯ ಕಾರ್ಖಾನೆಯಲ್ಲಿ ಉಳಿತಾಯದ ತರಬೇತಿ ಮುಗಿಸಿ ಬಂದಾಗಿನಿಂದ ಅವನಿಗೆ ಗಾಳಿಯೆಂದರೆ ಹಗೆ. ಕೆಲಸಕ್ಕೆ ಹೊರಟಾಗ ಎಸಿಯ ರಿಮೋಟನ್ನೂ ಜೇಬಿಗೆ ಹಾಕಿಕೊಂಡೇ ಹೋಗುತ್ತಿದ್ದ.

ಭಾನುವಾರ ಮ್ಯಾನೇಜರ್ ಶ್ರೀಧರ್ ಬಂದು ಮನೆ ನೋಡುವವರಿದ್ದರು. ಎಲ್ಲೂ ಗಾಳಿ ನುಸುಳದಿದ್ದರೆ ಇಂಧನ ಉಳಿತಾಯ ವಿಭಾಗದ ಮುಖ್ಯಸ್ಥನ ಕುರ್ಚಿ ಇವನದೇ. ಆ ಕುರ್ಚಿಯ ಮೇಲೆ ಅವನಿಗೆ ಎಂಥ ಆಸೆಯೆಂದರೆ, ಕನಸಿನಲ್ಲೂ ಅದರಲ್ಲಿ ಕೂತು ಗಿರಗಿರ ತಿರುಗುತ್ತಿದ್ದ.

“ಸಾಯಂಕಾಲ ಬಂದು ಇದಕ್ಕೂ ಸಿಮೆಂಟ್ ಮೆತ್ತಿಬಿಡ್ತೀನಿ. ಯಾರೂ ಮುಟ್ಬೇಡಿ.”

“ನಾವ್ಯಾಕಪ್ಪಾ ಮುಟ್ಟೋಣ,” ಎಂದಳು ತಾಯಿ ದ್ಯಾವಮ್ಮ, ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಾ.

ಸಂಜೆ ಬಂದರೆ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ತೂತಿನ ಸುತ್ತ ಅರಿಶಿನ, ಕುಂಕುಮ, ಕಣಗಿಲೆ ಹೂವು. ಮೊದಲು ಕುಂಕುಮ ಇಟ್ಟವರು ಯಾರೆಂದು ಯಾರಿಗೂ ಗೊತ್ತಿಲ್ಲ. ಭಾನುಪ್ರಕಾಶ್ ಸಿಮೆಂಟಿನ ಚೀಲ ಇಳಿಸುತ್ತಿದ್ದಂತೆ ಪಕ್ಕದ ಮನೆಯ ಮುನಿಗಂಗಮ್ಮ ಅಡ್ಡ ನಿಂತಳು.

“ಮುಟ್ಬೇಡ ಕಣಪ್ಪಾ! ಅಮ್ಮ ಹೊಗೇನ ಒಳಕ್ಕೆ ಎಳ್ಕೊಂಡ್ಳಂತೆ. ದಿನಾ ಬೆಳಿಗ್ಗೆ ಗೋಡೆ ಗೋಡೆಗೂ ಕಡ್ಡಿ ಬೆಳಗ್ತಿದ್ದೋನು ನೀನೇ ಅಲ್ವಾ? ನಾವು ನೋಡಿಲ್ವಾ?”

“ಅದು ಅಮ್ಮ ಅಲ್ಲ, ಲೀಕೇಜು!”

ಹೆಂಗಸರೆಲ್ಲ ಕೆನ್ನೆ ಬಡಿದುಕೊಂಡರು. ಅವನು ದಿಕ್ಕುಗಾಣದೆ ಹೆಂಡತಿ ಮಮತಳ ಕಡೆ ನೋಡಿದ. ಎಮ್ಮೆಸ್ಸಿ ಓದಿದವಳು, ಅವಳಾದರೂ ನಾಲ್ಕು ಮಾತು ಬುದ್ಧಿ ಹೇಳಿಯಾಳು. ಮಮತ ಕಣ್ಣುಮುಚ್ಚಿ ಕೈಮುಗಿದು ನಿಂತಿದ್ದಳು.

ಭಾನುವಾರ ಶ್ರೀಧರ್ ಅಳತೆಯ ಯಂತ್ರ ಹಿಡಿದು ಬಂದರು. ಮೂಲೆ ಕಂಡದ್ದೇ ಶೂ ಬಿಚ್ಚಿದರು. ಭಕ್ತಿಯಿಂದ ಮಂಗಳಾರತಿ ತೆಗೆದುಕೊಂಡರು, ಎರಡು ಬಾಳೆಹಣ್ಣು ಪ್ರಸಾದ ತಿಂದರು. ಆಮೇಲೆ ಹೊರಗೆ ಬಂದು ಲೇಸು ಕಟ್ಟಿಕೊಳ್ಳುತ್ತಾ ಹೇಳಿದರು:

“ಮುಚ್ಚೋಕ್ ಮಾತ್ರ ಹೋಗ್ಬೇಡಿ, ಒಳ್ಳೇದಾಗಲ್ಲ. ಆದ್ರೆ ಗಾಳಿ ಆಡ್ತಿದೆಯಲ್ರೀ, ನಾನೇನ್ ಮಾಡ್ಲಿ?”

ಕುರ್ಚಿ ಸಹೋದ್ಯೋಗಿ ಮುರಳಿಯ ಪಾಲಾಯಿತು. ಭಾನುಪ್ರಕಾಶನಿಗೆ ಅಳುವೇ ಬಂತು. ಮ್ಯಾನೇಜರೇ ಕೈಮುಗಿದಮೇಲೆ ಸಣ್ಣಗೆ ಭಯವೂ ಹತ್ತಿತು. ಲೀಕೇಜು ಎಂದು ಬೈದದ್ದಕ್ಕೇ ಅಮ್ಮ ಮುನಿದಿರಬಹುದೇ? ಸೋಮವಾರ ಬೆಳಿಗ್ಗೆ ಯಾರಿಗೂ ಕಾಣದಂತೆ ತೂತಿನ ಮುಂದೆ ನಿಂತು ಕೆನ್ನೆ ಬಡಿದುಕೊಂಡು, ತಪ್ಪಾಯಿತೆಂದು ಅಡ್ಡಬಿದ್ದು ಕೆಲಸಕ್ಕೆ ಹೊರಟ.

ಗೇಟಿನವರೆಗೆ ಹೋದವನು ಊಟದ ಡಬ್ಬಿ ನೆನಪಾಗಿ ಹಿಂತಿರುಗಿದ. ಒಳಗೆ, ತೂತಿನ ಎದುರು, ಅತ್ತೆ ಸೊಸೆ ಇಬ್ಬರೂ ಒಂದೇ ಚಾಪೆಯ ಮೇಲೆ ಕಾಲು ಚಾಚಿ ಮಲಗಿದ್ದರು. ಮಮತ ಪಿಸುಗುಟ್ಟುತ್ತಿದ್ದಳು:

“ಅತ್ತೆ, ಇಬ್ರಿಗೂ ಈ ಗಾಳಿ ಸಾಲ್ತಿಲ್ಲ. ಶುಕ್ರವಾರ ಅಡುಗೆಮನೆ ಕಿಟಕೀಲೂ ಒಂದಮ್ಮನ್ನ ಬರಿಸಿಬಿಡೋಣ.”